ಸಣ್ಣ ಕಾರಿಗೆ ಶಾಕ್ಸ್, ಸ್ಪ್ರಿಂಗ್, ಚಕ್ರ: ನಾನು ಆರಿಸಿಕೊಂಡ ಬಗೆ

ಸಣ್ಣ ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಹುಕಿ ಬಂದೇ ಬರುತ್ತದೆ. ಎಂಜಿನ್ ಪರವಾಗಿಲ್ಲ, ಮೈಲೇಜ್ ಚೆನ್ನಾಗಿದೆ. ಆದರೆ ಸ್ಪೀಡು ಏರಿದರೆ ಕಾರು ತೇಲಿದ ಹಾಗಾಗುತ್ತದೆ. ತಿರುವಿನಲ್ಲಿ ವಾಲುತ್ತದೆ. ಹಿಂದೆ ಮೂವರು ಕೂತರೆ ಹಂಪ್ ದಾಟುವಾಗ ಅಡಿಯಲ್ಲಿ ‘ಧಡ್’ ಅನ್ನುತ್ತದೆ. ಜೊತೆಗೆ ಆ ಪುಟ್ಟ ಸ್ಟೀಲ್ ಚಕ್ರ, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ದೊಡ್ಡ ಅಲಾಯ್ ಹಾಕಿಸಿ, ಕಾರನ್ನು ಎರಡು ಬೆರಳು ತಗ್ಗಿಸಿಬಿಟ್ಟರೆ ಎಲ್ಲಾ ಸರಿಹೋಗುತ್ತದೆ ಅನಿಸುತ್ತದೆ, ಅಲ್ವಾ?

ನಾನು ಆ ದಾರಿ ಹಿಡಿಯಲಿಲ್ಲ. ಕಾರನ್ನು ತಗ್ಗಿಸಲೇ ಇಲ್ಲ. ಚಕ್ರ ಒಂದೇ ಇಂಚು ದೊಡ್ಡದಾಯಿತು. ದುಡ್ಡಿನ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಸಾಮಾನಿಗೆ ಹೋಯಿತು. ಯಾಕೆ ಹಾಗೆ ಮಾಡಿದೆ ಅನ್ನುವುದನ್ನು ಲೆಕ್ಕದ ಸಮೇತ ಹೇಳುತ್ತೇನೆ.

ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಖಾಲಿ ತೂಕ 900 ಕಿಲೋ ಆಸುಪಾಸು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ (ಶಾಕ್ಸ್) ಒಟ್ಟಿಗೆ ಸೇರಿದ ಕಂಬ. ಹಿಂದೆ ಟಾರ್ಷನ್ ಬೀಮ್, ಅಂದರೆ ಎಡಬಲ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ತೊಲೆ. ಟೈರ್ 175/65 ಆರ್14. ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ಜಾತಕ. ಹಾಗಾಗಿ ನಾನು ಬರೆಯುವುದರಲ್ಲಿ ಹೆಚ್ಚಿನದು ನಿಮ್ಮ ಕಾರಿಗೂ ಹೊಂದಬಹುದು. ನನಗೆ ಬೇಕಾಗಿದ್ದದ್ದು ಇಷ್ಟೇ: ಹೆದ್ದಾರಿಯಲ್ಲಿ ತೇಲುವುದು ನಿಲ್ಲಬೇಕು, ತುಂಬಿದ ಕಾರಿನ ಹಿಂಭಾಗ ತಳ ಹೊಡೆಯಬಾರದು, ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗಬೇಕು. ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂರುತ್ತಾರೆ. ಅವರ ಸೊಂಟ ನೋಯಬಾರದು. ಇದು ಕೊನೆಯಲ್ಲಿ ಹೇಳಿದರೂ ಎಲ್ಲಕ್ಕಿಂತ ಮುಖ್ಯವಾದ ಷರತ್ತು.

ಕಂಪನಿಯವರು ಕಾಸು ಉಳಿಸಲು ಕಳಪೆ ಸಸ್ಪೆನ್ಷನ್ ಹಾಕುತ್ತಾರೆ ಅಂತ ಬೈಯುವುದು ಸುಲಭ. ಅದು ಅರ್ಧ ನಿಜ. ಇನ್ನರ್ಧ ಬರೀ ತೂಕದ ಲೆಕ್ಕ. ಐದು ಜನ, ತಲಾ 70 ಕಿಲೋ ಅಂದರೆ 350. ಸಾಮಾನು 50. ಒಟ್ಟು 400 ಕಿಲೋ. 1800 ಕಿಲೋ ತೂಗುವ ದೊಡ್ಡ ಕಾರಿಗೆ ಇದು ತನ್ನ ತೂಕದ ಶೇಕಡ 22. ನನ್ನ ಕಾರಿಗೆ ಶೇಕಡ 44. ಅದೂ ಎಲ್ಲಾ ಕಡೆ ಸಮನಾಗಿ ಬೀಳುವುದಿಲ್ಲ. ಎಂಜಿನ್ ಮುಂದಿರುವುದರಿಂದ ಖಾಲಿ ಕಾರಿನ ಹಿಂದಿನ ಚಕ್ರಗಳ ಮೇಲೆ ಸುಮಾರು 360 ಕಿಲೋ ಇದ್ದರೆ, ತುಂಬಿದಾಗ ಅದು 600 ದಾಟುತ್ತದೆ. ಒಂದೇ ಸ್ಪ್ರಿಂಗ್ ಈ ಎರಡನ್ನೂ ಹೊರಬೇಕು. ಒಂದೇ ಶಾಕ್ ಅಬ್ಸಾರ್ಬರ್ ಎರಡನ್ನೂ ಹಿಡಿದು ನಿಲ್ಲಿಸಬೇಕು. ಒಬ್ಬರೇ ಓಡಿಸುವಾಗ ಹಿಂಭಾಗ ಜಿಗಿಯುತ್ತದೆ, ಐವರು ಕೂತಾಗ ತಳ ಹೊಡೆಯುತ್ತದೆ. ಇದಕ್ಕೆ ಪೂರ್ತಿ ಮದ್ದಿಲ್ಲ. ಯಾವ ದುಬಾರಿ ಕಿಟ್ ಹಾಕಿದರೂ ಈ ಅನುಪಾತ ಬದಲಾಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಆಮೇಲಿನ ಆಯ್ಕೆ ಸುಲಭ.

ಏನನ್ನೂ ಕೊಳ್ಳುವ ಮೊದಲು ಕಾರನ್ನು ಲಿಫ್ಟ್ ಮೇಲೆ ಏರಿಸಿ ಅಡಿಯಿಂದ ನೋಡಿದೆ. ಮುಂದಿನ ಬಲಗಡೆಯ ಸ್ಟ್ರಟ್ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ಗೆ ಜೋಡಿಸುವ ಎರಡೂ ಲಿಂಕ್ ರಾಡ್‌ಗಳಲ್ಲಿ ಆಟ ಬಂದಿತ್ತು. ನಿಧಾನಕ್ಕೆ ಹೋಗುವಾಗ ಬರುತ್ತಿದ್ದ ಕಟಕಟ ಸದ್ದು ಅದರದ್ದೇ. ಲೋವರ್ ಆರ್ಮ್‌ನ, ಅಂದರೆ ಚಕ್ರವನ್ನು ಕೆಳಗಡೆಯಿಂದ ಕಾರಿನ ಮೈಗೆ ಜೋಡಿಸುವ ತೋಳಿನ, ಹಿಂದಿನ ಬುಶ್ (ಕೀಲಿನ ರಬ್ಬರ್) ಬಿರುಕು ಬಿಟ್ಟಿತ್ತು. ಸಣ್ಣ ಕಬ್ಬಿಣದ ಸರಳು ಹಾಕಿ ಮೀಟಿದರೆ ಆರ್ಮ್ ಹಿಂದೆ ಮುಂದೆ ಸಲೀಸಾಗಿ ಓಡಾಡುತ್ತಿತ್ತು. ಹಿಂದಿನ ಬಂಪ್ ಸ್ಟಾಪ್‌ಗಳು, ಅಂದರೆ ಶಾಕ್ಸ್ ಪೂರ್ತಿ ಒಳಗೆ ಹೋದಾಗ ಲೋಹಕ್ಕೆ ಲೋಹ ತಾಗದಂತೆ ತಡೆಯುವ ಫೋಮ್ ತುಂಡುಗಳು, ಕೈಯಲ್ಲಿ ಪುಡಿಯಾದವು. ಆ ‘ಧಡ್’ ಎಲ್ಲಿಂದ ಬರುತ್ತಿತ್ತು ಅನ್ನುವುದು ಅಲ್ಲೇ ಗೊತ್ತಾಯಿತು.

ಟೈರುಗಳೂ ಕಥೆ ಹೇಳುತ್ತವೆ. ಮೇಲ್ಮೈಯನ್ನು ಅಂಗೈಯಿಂದ ಸವರಿ ನೋಡಿ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಚಕ್ರ ನೆಲ ಬಿಟ್ಟು ಬಿಟ್ಟು ಕುಣಿದಿದೆ ಅಂತ ಅರ್ಥ. ಹೆಚ್ಚಾಗಿ ಶಾಕ್ಸ್ ಸತ್ತಿರುವ ಲಕ್ಷಣ ಅದು. ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ನೋಡುವ ಹಳೆಯ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ಸ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧಂಬರ್ಧ ಹೋದದ್ದು ಪಾಸಾಗಿಬಿಡುತ್ತದೆ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗ್ರೂವ್‌ನೊಳಗಿನ ಸಣ್ಣ ದಿಬ್ಬಗಳ ಮಟ್ಟಕ್ಕೆ ರಬ್ಬರ್ ಸವೆದಿದ್ದರೆ ಉಳಿದಿರುವುದು 1.6 ಮಿ.ಮೀ. ಅಷ್ಟೇ. ಅಂಥ ಟೈರಿನ ಮೇಲೆ ಕೂತು ಸಸ್ಪೆನ್ಷನ್ ಸರಿಯಿಲ್ಲ ಅನ್ನುವುದರಲ್ಲಿ ಅರ್ಥವಿಲ್ಲ.

ಬುಶ್, ಲಿಂಕ್ ರಾಡ್, ಬಂಪ್ ಸ್ಟಾಪ್ ಎಲ್ಲಾ ಕಂಪನಿಯ ಮಾಮೂಲು ಸಾಮಾನೇ ಹಾಕಿದೆ. ಪಾಲಿಯುರೆಥೇನ್ ಬುಶ್ ಹಾಕಿ ಅಂತ ಹೇಳುವವರಿದ್ದರು. ಅದು ರಬ್ಬರಿಗಿಂತ ಗಟ್ಟಿ, ಸ್ಟೀರಿಂಗ್ ಚುರುಕಾಗುತ್ತದೆ, ನಿಜ. ಆದರೆ ರಸ್ತೆಯ ಸದ್ದು, ಅದುರು ಎರಡೂ ಒಳಗೆ ಬರುತ್ತವೆ. ಸದ್ದು ತಡೆಯುವ ಹೊದಿಕೆ ಮೊದಲೇ ಕಮ್ಮಿ ಇರುವ ಸಣ್ಣ ಕಾರಿನಲ್ಲಿ ಅದು ಕಿರಿಕಿರಿ. ಹೊಸ ರಬ್ಬರ್ ಬುಶ್ ಹಾಕಿದ ಮೇಲೆ ಸ್ಟೀರಿಂಗ್‌ನ ಸಡಿಲ ಅರ್ಧ ಹೋಯಿತು. ಇದನ್ನು ಅಪ್‌ಗ್ರೇಡ್ ಅಂತ ಯಾರೂ ಕರೆಯುವುದಿಲ್ಲ. ಫೋಟೋ ತೆಗೆದು ತೋರಿಸಲೂ ಏನಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಪ್ರಿಂಗ್ ಬದಲಿಸಬೇಕೋ, ಶಾಕ್ಸ್ ಬದಲಿಸಬೇಕೋ, ಎರಡನ್ನೂ ಬದಲಿಸಬೇಕೋ?

ಕಾರಿನ ತೂಕ ಹೊರುವುದು ಸ್ಪ್ರಿಂಗ್. ಚಕ್ರ ಉಬ್ಬು ಹತ್ತಿದಾಗ ಅದು ಅದುಮಿಕೊಂಡು, ಕೂಡಿಟ್ಟ ಶಕ್ತಿಯನ್ನು ವಾಪಸ್ ತಳ್ಳುತ್ತದೆ. ಸುಮ್ನೆ ಬಿಟ್ಟರೆ ಕಾರು ಸೆಕೆಂಡಿಗೆ ಒಂದು, ಒಂದೂವರೆ ಸಲದ ಲಯದಲ್ಲಿ ಏಳುತ್ತಾ ಬೀಳುತ್ತಾ ಇರುತ್ತದೆ. ಶಾಕ್ಸ್ ಒಳಗಿನ ಎಣ್ಣೆ ಸಣ್ಣ ವಾಲ್ವ್‌ಗಳ ಮೂಲಕ ನುಗ್ಗಿ ಹೋಗುವಾಗ ಆ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ, ಕುಣಿತ ನಿಲ್ಲುತ್ತದೆ. ತೇಲುವ ಕಾರಿನಲ್ಲಿ ಕೊರತೆ ಇರುವುದು ಈ ಎರಡನೆಯದರಲ್ಲಿ. ಅದಕ್ಕೆ ಸ್ಪ್ರಿಂಗ್ ಗಟ್ಟಿ ಮಾಡಿದರೆ ರೋಗ ಹೆಚ್ಚುತ್ತದೆ. ಗಟ್ಟಿ ಸ್ಪ್ರಿಂಗ್ ಇನ್ನೂ ಜೋರಾಗಿ ಒದೆಯುತ್ತದೆ, ಹಳೆಯ ಮೆತ್ತನೆಯ ಶಾಕ್ಸ್‌ಗೆ ಅದನ್ನು ಹಿಡಿಯಲು ಆಗುವುದಿಲ್ಲ. ತಗ್ಗಿಸುವ ಸ್ಪ್ರಿಂಗ್ ಮಾತ್ರ ಹಾಕಿಸಿ ಮಾಮೂಲು ಶಾಕ್ಸ್ ಉಳಿಸಿಕೊಂಡ ಕಾರುಗಳು ಹೆದ್ದಾರಿಯಲ್ಲಿ ಚೆಂಡಿನ ಹಾಗೆ ಪುಟಿಯುವುದು ಇದೇ ಕಾರಣಕ್ಕೆ.

ತಗ್ಗಿಸುವ ವಿಷಯದಲ್ಲಿ ನನ್ನ ತೀರ್ಮಾನ ಬಂದದ್ದು ಒಂದು ಕೇಬಲ್ ಟೈ ಇಂದ. ಮುಂದಿನ ಸ್ಟ್ರಟ್‌ನ ರಬ್ಬರ್ ಬೂಟ್ ಮೇಲೆ ಸರಿಸಿ, ಹೊಳೆಯುವ ರಾಡ್‌ಗೆ ಕೇಬಲ್ ಟೈ ಬಿಗಿದೆ. ಮಾಮೂಲು ಓಡಾಟ ಮಾಡಿ ಬಂದು ನೋಡಿದರೆ ಟೈ ಎಲ್ಲಿಗೆ ಸರಿದಿದೆಯೋ ಅಲ್ಲಿವರೆಗೆ ಶಾಕ್ಸ್ ಒಳಗೆ ಹೋಗಿದೆ ಅಂತ ಗೊತ್ತಾಗುತ್ತದೆ. ಕಾರು ನಿಂತ ಮಟ್ಟದಿಂದ ಬಂಪ್ ಸ್ಟಾಪ್ ತಾಗುವವರೆಗೆ ನನ್ನ ಕಾರಿಗೆ ಇದ್ದದ್ದು ಸುಮಾರು 70 ಮಿ.ಮೀ. ಗುಂಡಿ, ಹಂಪ್ ಇರುವ ರಸ್ತೆಯಲ್ಲಿ ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕಾರು ಬಳಸಿಕೊಂಡಿತ್ತು. ಈಗ ಅದನ್ನು 35 ಮಿ.ಮೀ. ತಗ್ಗಿಸಿದರೆ ಉಳಿಯುವುದು ಅರ್ಧ. ಅದೇ ಹೊಡೆತವನ್ನು ಅರ್ಧ ದೂರದಲ್ಲಿ ನುಂಗಬೇಕಾದರೆ ಎರಡು ಪಟ್ಟು ಬಲ ಬೇಕು. ಆ ಬಲ ಕೊನೆಗೆ ಸೇರುವುದು ಹಿಂದೆ ಕೂತವರ ಸೊಂಟಕ್ಕೇ. ಸ್ಪ್ರಿಂಗ್ ಅಷ್ಟು ಗಟ್ಟಿ ಇಲ್ಲದಿದ್ದರೆ ಕಾರು ಯಾವಾಗಲೂ ಬಂಪ್ ಸ್ಟಾಪ್ ಮೇಲೇ ಕೂತಿರುತ್ತದೆ. ‘ಸ್ಪೋರ್ಟಿಯಾಗಿದೆ’ ಅಂತ ಎಷ್ಟೋ ಜನ ಹೇಳುವ ಗಡಸುತನ ಹಲವು ಸಲ ಆ ಫೋಮ್ ತುಂಡಿನದ್ದು.

ಇನ್ನೊಂದು ಸಂಗತಿ ಇದೆ. ಇದನ್ನು ಬಿಡಿಭಾಗ ಮಾರುವವರು ಹೇಳುವುದು ಕಮ್ಮಿ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಲೋವರ್ ಆರ್ಮ್ ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರುತ್ತದೆ. ಕಾರು ತಗ್ಗಿಸಿದರೆ ಆರ್ಮ್ ಸಮತಟ್ಟಾಗುತ್ತದೆ. ಇನ್ನೂ ತಗ್ಗಿಸಿದರೆ ಹೊರತುದಿ ಮೇಲೆ ಹೋಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಕಾರಿನ ಮೈ ತಗ್ಗಿದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ತೂಕದ ಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಬೆಳೆಯುತ್ತದೆ. ಅಂದರೆ ಸ್ಪ್ರಿಂಗ್ ಗಟ್ಟಿ ಮಾಡದೆ ಬರೀ ತಗ್ಗಿಸಿದರೆ ಮುಂಭಾಗ ಮೊದಲಿಗಿಂತ ಹೆಚ್ಚು ವಾಲಬಹುದು! ಸ್ಟೀರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಸರಳು, ಅಂದರೆ ಟೈ ರಾಡ್, ಅದರ ಕೋನವೂ ಕೆಡುತ್ತದೆ. ಉಬ್ಬು ಹತ್ತಿದಾಗ ಸ್ಟೀರಿಂಗ್ ಮುಟ್ಟದೆಯೇ ಚಕ್ರ ಅತ್ತಿತ್ತ ತಿರುಗಲು ನೋಡುತ್ತದೆ. ರೇಸಿನವರು ಇದಕ್ಕೆ ಬೇರೆ ಬಾಲ್ ಜಾಯಿಂಟ್ ಹಾಕಿ ಸರಿಮಾಡಿಕೊಳ್ಳುತ್ತಾರೆ. ದಿನಾ ಓಡಿಸುವ ಕಾರಿಗೆ ಆ ಉಸಾಬರಿ ಯಾಕೆ?

ಕಾರು ವಾಲುವುದಕ್ಕೂ ಹಿಡಿತಕ್ಕೂ ಇರುವ ನಂಟನ್ನೂ ಜನ ಜಾಸ್ತಿ ಅಂದಾಜು ಮಾಡುತ್ತಾರೆ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ಭಾರ ಹೋಗುತ್ತದೆ ಅನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಮೂರು: ತೂಕದ ಕೇಂದ್ರ ಎಷ್ಟು ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವೆ ಎಷ್ಟು ಅಗಲ ಇದೆ, ಎಷ್ಟು ಜೋರಾಗಿ ತಿರುಗುತ್ತಿದ್ದೀರಿ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಕಾರು ಕಮ್ಮಿ ವಾಲುತ್ತದೆ, ಆದರೆ ಆ ಭಾರ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಹಿಡಿತ ಬರುವುದು ಟೈರಿನಿಂದ.

ಇಷ್ಟೆಲ್ಲ ನೋಡಿದ ಮೇಲೆ ಕಂಪನಿಯ ಸ್ಪ್ರಿಂಗ್‌ಗಳನ್ನೇ ಉಳಿಸಿಕೊಂಡೆ. ಎತ್ತರವೂ ಅಷ್ಟೇ ಉಳಿಯಿತು. ಸ್ಪ್ರಿಂಗ್, ಶಾಕ್ಸ್ ಒಟ್ಟಿಗೆ ಬರುವ, ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್ ಕಡೆ ತಲೆ ಹಾಕಲಿಲ್ಲ. ಒಳ್ಳೆಯ ಕಾಯಿಲ್‌ಓವರ್ ಸೆಟ್ ಸಣ್ಣ ಕಾರಿನ ಲೆಕ್ಕಕ್ಕೆ ಅತಿ ದುಬಾರಿ. ಅಗ್ಗದ ಕಾಯಿಲ್‌ಓವರ್‌ನಲ್ಲಿ ಎತ್ತರ ಬದಲಿಸುವ ಥ್ರೆಡ್ ಸಿಗುತ್ತದೆ, ಒಳಗಿನ ವಾಲ್ವ್ ಕೆಲಸ ಹೇಗಿದೆಯೋ ಹೇಳಲು ಬರುವುದಿಲ್ಲ. ಸ್ಪ್ರಿಂಗ್ ಕತ್ತರಿಸುವುದಂತೂ ಮಾತೇ ಬೇಡ. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಹೋಗಬಹುದು. ಬೇರೆ ಸ್ಪ್ರಿಂಗ್ ಕೊಳ್ಳುವವರು ತಂತಿಯ ದಪ್ಪದ ಮೇಲೂ ಕಣ್ಣಿಡಿ. ಗಡಸುತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದು ತಂತಿ ಮಾತ್ರ ಶೇಕಡ 10 ದಪ್ಪವಾದರೆ ಸ್ಪ್ರಿಂಗ್ ಶೇಕಡ 46 ಗಟ್ಟಿಯಾಗುತ್ತದೆ. ನೋಡಿದರೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ಶಾಕ್ಸ್‌ಗೆ ಮಾತ್ರ ಧಾರಾಳವಾಗಿ ಖರ್ಚು ಮಾಡಿದೆ. ಆರಿಸಿದ್ದು ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆ ಇರುವಂಥದ್ದು), ಮಾಮೂಲು ಸ್ಪ್ರಿಂಗ್‌ಗೇ ಹೊಂದುವಂತೆ ತಯಾರಿಸಿದ್ದು, ರಿಬೌಂಡ್ ಸ್ವಲ್ಪ ಬಿಗಿ ಇರುವಂಥದ್ದು. ರಿಬೌಂಡ್ ಅಂದರೆ ಅದುಮಿದ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವ ಹೊತ್ತಿನ ತಡೆ. ತೇಲುವುದನ್ನು ನಿಲ್ಲಿಸುವುದು ಮುಖ್ಯವಾಗಿ ಅದೇ. ಅದುಮುವ ಕಡೆಯ ತಡೆಯನ್ನೂ ಅಷ್ಟೇ ಬಿಗಿ ಮಾಡಿದರೆ ಪ್ರತಿ ಗುಂಡಿಯ ಏಟು ನೇರ ಒಳಗೆ ಬರುತ್ತದೆ. ಗ್ಯಾಸ್‌ನ ಕೆಲಸ ಬೇರೆ. ಕೆಟ್ಟ ರಸ್ತೆಯಲ್ಲಿ ಶಾಕ್ಸ್ ಸತತವಾಗಿ ಏರಿಳಿದರೆ ಎಣ್ಣೆಯಲ್ಲಿ ನೊರೆ ಬರುತ್ತದೆ, ತಡೆ ಕುಸಿಯುತ್ತದೆ. ಒತ್ತಡದಲ್ಲಿರುವ ನೈಟ್ರೋಜನ್ ಆ ನೊರೆಯನ್ನು ಅದುಮಿಡುತ್ತದೆ. ಗ್ಯಾಸ್ ಅಂದ ಮಾತ್ರಕ್ಕೆ ಶಾಕ್ಸ್ ಗಟ್ಟಿ ಅಂತೇನಿಲ್ಲ.

ನಾಲ್ಕೂ ಒಟ್ಟಿಗೆ ಬದಲಿಸಿದೆ. ದುಡ್ಡು ಸಾಲದಿದ್ದರೆ ಮುಂದಿನ ಜೋಡಿ ಒಮ್ಮೆ, ಹಿಂದಿನ ಜೋಡಿ ಒಮ್ಮೆ ಮಾಡಬಹುದು. ಒಂದು ಬದಿ ಮಾತ್ರ ಬದಲಿಸಬೇಡಿ. ಜೊತೆಗೆ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಬೂಟ್, ಬಂಪ್ ಸ್ಟಾಪ್ ಎಲ್ಲಾ ಹೊಸದೇ ಇರಲಿ. ಹೇಗಿದ್ದರೂ ಸ್ಟ್ರಟ್ ಬಿಚ್ಚಿರುತ್ತೀರಿ, ಅದೇ ಕೂಲಿಯನ್ನು ಎರಡನೇ ಸಲ ಯಾಕೆ ಕೊಡಬೇಕು?

ಫಿಟ್ಟಿಂಗ್ ಮಾಡಿದ್ದು ಮೆಕ್ಯಾನಿಕ್, ನಾನು ಪಕ್ಕದಲ್ಲೇ ನಿಂತಿದ್ದೆ. ಸ್ಪ್ರಿಂಗ್ ಕಂಪ್ರೆಸರ್ ಬಳಸುವ ಅಭ್ಯಾಸ ಇಲ್ಲದವರು ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಅದುಮಿದ ಸ್ಪ್ರಿಂಗ್ ಹಾರಿದರೆ ಮೂಳೆ ಮುರಿಯುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ. ಪಕ್ಕದಲ್ಲಿ ನಿಂತು ನಾನು ನೋಡಿಕೊಂಡದ್ದು ಮೂರು ಸಂಗತಿ. ಹೊಸ ಟ್ವಿನ್ ಟ್ಯೂಬ್ ಶಾಕ್ಸನ್ನು ನೆಟ್ಟಗೆ ನಿಲ್ಲಿಸಿ ಕೆಲವು ಸಲ ಒತ್ತಿ ಬಿಡಬೇಕು. ಮಲಗಿಸಿಟ್ಟಾಗ ಒಳಗೆ ಸೇರಿಕೊಂಡ ಗಾಳಿ ಅದರಿಂದ ಸರಿದುಹೋಗುತ್ತದೆ. ಹೊಳೆಯುವ ರಾಡನ್ನು ಇಕ್ಕುಳದಲ್ಲಿ ಹಿಡಿಯಲೇಬಾರದು. ಒಂದು ಗೀರು ಬಿದ್ದರೂ ಅದು ಸೀಲನ್ನು ಕೊರೆದು ಎಣ್ಣೆ ಸೋರಲು ಶುರುವಾಗುತ್ತದೆ. ಮೂರನೆಯದು ಬುಶ್ ಬೋಲ್ಟ್‌ಗಳದ್ದು. ಲೋವರ್ ಆರ್ಮ್, ಹಿಂದಿನ ಬೀಮ್ ಎರಡರ ಬೋಲ್ಟ್‌ಗಳನ್ನೂ ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಬಿಗಿಯಬೇಕು. ತೂಗುವ ಸ್ಥಿತಿಯಲ್ಲಿ ಬಿಗಿದರೆ ರಬ್ಬರ್ ಆ ಕೋನದಲ್ಲೇ ಹಿಡಿದುಕೊಳ್ಳುತ್ತದೆ. ಕಾರು ಕೆಳಗಿಳಿದಾಗಿನಿಂದ ಅದು ತಿರುಚಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯಬಹುದು, ‘ಹೊಸ ಬುಶ್ ಬಾಳಿಕೆ ಬರಲಿಲ್ಲ’ ಅಂತ ಬೈಗುಳ ತಯಾರಕರಿಗೆ.

ಸ್ಟ್ರಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನದ ಹೊಂದಾಣಿಕೆ, ಮಾಡಿಸಲೇಬೇಕು. ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಹಬ್ ಅನ್ನು ಹಿಡಿದಿರುವ ಭಾಗ) ಸೇರುವ ಬೋಲ್ಟ್ ತೂತಿನಲ್ಲಿ ಸ್ವಲ್ಪ ಆಟ ಇರುತ್ತದೆ, ಅಷ್ಟರಲ್ಲೇ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಬದಲಾಗುತ್ತದೆ, ಅದರ ಹಿಂದೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಓರೆ) ಕೂಡ. ಹಿಂದಿನ ಟಾರ್ಷನ್ ಬೀಮ್‌ನಲ್ಲಿ ಸಾಮಾನ್ಯವಾಗಿ ಹೊಂದಿಸಲು ಏನೂ ಇರುವುದಿಲ್ಲ. ಆದರೂ ಹಿಂದಿನ ಅಳತೆಯನ್ನೂ ಪ್ರಿಂಟ್ ಹಾಕಿಸಿಕೊಳ್ಳಿ. ಬೀಮ್ ಬಗ್ಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಚಕ್ರದ ಆಯ್ಕೆಗೆ ಬಂದಾಗ ನನ್ನ ಮೊದಲ ಸಲಕರಣೆ ತೂಕದ ಯಂತ್ರ. ಮನೆಯಲ್ಲಿ ನಾವು ಹತ್ತಿ ನೋಡುವ ಯಂತ್ರವೇ ಸಾಕು. ಟೈರ್ ಸಮೇತ ನನ್ನ 14 ಇಂಚಿನ ಸ್ಟೀಲ್ ಚಕ್ರ 14 ಕಿಲೋ ಆಸುಪಾಸು ತೂಗಿತು. ಅಲಾಯ್ ಅಂದರೆ ಹಗುರ ಅಂತ ಎಲ್ಲರೂ ನಂಬಿಕೊಂಡಿದ್ದಾರೆ. ಅಂಗಡಿಯಲ್ಲಿ ಎತ್ತಿ ನೋಡಿದರೆ ಅಗ್ಗದ 16 ಇಂಚಿನ ಅಲಾಯ್‌ಗಳು ಬರೀ ರಿಮ್ಮೇ 9 ಕಿಲೋ ಹತ್ತಿರ ಇದ್ದವು. ಅದಕ್ಕೆ ಟೈರ್ ಸೇರಿಸಿದರೆ ಒಂದೊಂದು ಮೂಲೆಗೂ ಮೂರು ಕಿಲೋ ಹೆಚ್ಚಾಯಿತು. ಇದು ಸ್ಪ್ರಿಂಗ್‌ನ ಕೆಳಗಿರುವ ತೂಕ. ಉಬ್ಬು ತಗ್ಗುಗಳ ಮೇಲೆ ಇಷ್ಟನ್ನೂ ಶಾಕ್ಸ್ ಹಿಡಿಯಬೇಕು. ಜೊತೆಗೆ ಇದು ತಿರುಗುವ ತೂಕ. ಟೈರಿನ ಹೊರ ಅಂಚಿನಲ್ಲಿರುವ ಒಂದು ಕಿಲೋವನ್ನು ವೇಗಕ್ಕೆ ಏರಿಸಲು, ಸೀಟಿನ ಮೇಲಿಟ್ಟ ಕಿಲೋಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕು. ಅದು ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. 1.2 ಲೀಟರ್ ಎಂಜಿನ್‌ಗೆ ಇದು ಸಿಗ್ನಲ್ ಬಿಟ್ಟು ಹೊರಡುವಾಗಲೇ ಗೊತ್ತಾಗುತ್ತದೆ.

ಅಳತೆಯ ಲೆಕ್ಕ ಹೀಗೆ. 175/65 ಆರ್14 ಅಂದರೆ ಅಗಲ 175 ಮಿ.ಮೀ., ಗೋಡೆಯ ಎತ್ತರ ಅದರ ಶೇಕಡ 65, ಅಂದರೆ 114 ಮಿ.ಮೀ. ರಿಮ್ 14 ಇಂಚು ಅಂದರೆ 355.6. ಮೇಲೆ ಕೆಳಗೆ ಎರಡೂ ಗೋಡೆ ಸೇರಿಸಿದರೆ ಒಟ್ಟು ವ್ಯಾಸ 583. ಹೊಸ ಟೈರ್ ಇದರ ಹತ್ತಿರವೇ ಇರಬೇಕು. 185/55 ಆರ್15 ಲೆಕ್ಕ ಹಾಕಿದರೆ 584.5. ಹೆಚ್ಚುಕಡಿಮೆ ಅಷ್ಟೇ. 185/60 ಆರ್15 ಆದರೆ 603, ಶೇಕಡ 3.4 ಜಾಸ್ತಿ. ಅಷ್ಟು ದೊಡ್ಡದಾದರೆ ಗೇರ್ ಎತ್ತರವಾದ ಹಾಗೆ ಕಾರು ಮಂದವಾಗುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಮ್ಮಿ ತೋರಿಸುವ ಕಡೆ ಸರಿಯುತ್ತದೆ. 195/45 ಆರ್16 ವ್ಯಾಸದಲ್ಲಿ 582, ಕಾಗದದ ಮೇಲೆ ಪಕ್ಕಾ ಹೊಂದುತ್ತದೆ. ಆದರೆ ಗೋಡೆ 88 ಮಿ.ಮೀ.ಗೆ ಇಳಿಯುತ್ತದೆ. 114ರಿಂದ 88! ಗುಂಡಿ ಬಿದ್ದಾಗ ಮೊದಲು ಮಣಿಯುವುದು ಟೈರಿನ ಗೋಡೆ. ಅದು ಸಸ್ಪೆನ್ಷನ್‌ನ ಮೊದಲ ಸ್ಪ್ರಿಂಗ್. ಅದನ್ನು ಕಾಲು ಭಾಗ ಕಡಿದು ಹಾಕಿ, ಆಮೇಲೆ ಆರಾಮಕ್ಕೆ ದುಬಾರಿ ಶಾಕ್ಸ್ ಹುಡುಕುವುದು ನನಗೆ ಸರಿ ಕಾಣಲಿಲ್ಲ. ರಿಮ್ ಡೊಂಕಾಗುವ ಭಯ ಬೇರೆ.

ಲೋಡ್ ಇಂಡೆಕ್ಸ್ ನೋಡದೆ ಟೈರ್ ಕೊಳ್ಳುವವರು ಬಹಳ. ನನ್ನ ಹಳೆಯ ಟೈರಿನ ಮೇಲೆ 82 ಅಂತ ಇತ್ತು. ಅಂದರೆ ಒಂದು ಟೈರ್ 475 ಕಿಲೋ ಹೊರಬಲ್ಲದು. 185/55 ಆರ್15ನಲ್ಲೂ 82 ಸಿಕ್ಕಿತು. ಕೆಲವು ತೆಳು ಗೋಡೆಯ ಟೈರುಗಳು 80ಕ್ಕೆ, ಅಂದರೆ 450 ಕಿಲೋಗೆ ಇಳಿಯುತ್ತವೆ. ಕಂಪನಿ ಕೊಟ್ಟ ಅಂಕಿಗಿಂತ ಕೆಳಗೆ ಹೋಗಬೇಡಿ. ವೇಗದ ಅಕ್ಷರಕ್ಕೂ ಇದೇ ಮಾತು. ಟಿ ಅಂದರೆ ಗಂಟೆಗೆ 190 ಕಿ.ಮೀ.

ರಿಮ್ ಅಂದ ಚಂದ ನೋಡುವ ಮೊದಲು ನಾಲ್ಕು ಅಳತೆ ಹೊಂದಬೇಕು. ಬೋಲ್ಟ್‌ಗಳ ವೃತ್ತ ಅಂದರೆ ಪಿಸಿಡಿ, ನನ್ನದು 4×100. ಫಿಯಟ್‌ನ ಹಲವು ಕಾರುಗಳಲ್ಲಿ ಇರುವುದು 4×98. ಎರಡು ಮಿಲಿಮೀಟರ್ ತಾನೇ ಅಂತ ಬಲವಂತವಾಗಿ ಹಾಕುವವರಿದ್ದಾರೆ. ನಟ್ ಓರೆಯಾಗಿ ಕೂತು ಸ್ಟಡ್ ಮೇಲೆ ಸದಾ ಎಳೆತ ಇರುತ್ತದೆ, ಹಾಗೆ ಮಾಡಲೇಬಾರದು. ಎರಡನೆಯದು ನಡುವಿನ ತೂತು. ಹಬ್ 54.1 ಮಿ.ಮೀ. ಇದ್ದು ರಿಮ್ ತೂತು ಅದಕ್ಕಿಂತ ದೊಡ್ಡದಿದ್ದರೆ ನಡುವೆ ಉಂಗುರ ಹಾಕಿ ತುಂಬಬೇಕು. ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೀರಿಂಗ್ ನಡುಗುವುದು ನಿಲ್ಲದೇ ಇರಬಹುದು. ರಿಮ್ ತೂತೇ ಚಿಕ್ಕದಿದ್ದರೆ ಆ ರಿಮ್ ನಿಮ್ಮದಲ್ಲ, ಬಿಟ್ಟುಬಿಡಿ. ಮೂರನೆಯದು ನಟ್ ಕೂರುವ ಜಾಗದ ಆಕಾರ. ಕೆಲವಕ್ಕೆ ಶಂಕುವಿನಾಕಾರ, ಹೋಂಡಾದ ಕಂಪನಿ ರಿಮ್‌ಗಳಲ್ಲಿ ಗೋಳಾಕಾರ. ತಪ್ಪು ಜೋಡಿ ಮಾಡಿದರೆ ನಟ್ ಬಿಗಿಯಾದಂತೆ ಕಂಡರೂ ಅಂಚಿನಲ್ಲಿ ಮಾತ್ರ ತಾಗಿರುತ್ತದೆ, ಆಮೇಲೆ ಸಡಿಲವಾಗುತ್ತದೆ.

ನಾಲ್ಕನೆಯದು ಆಫ್‌ಸೆಟ್, ಇಟಿ ಅಂತ ರಿಮ್ ಮೇಲೆ ಅಚ್ಚಾಗಿರುತ್ತದೆ. ರಿಮ್‌ನ ನಡು ಗೆರೆಯಿಂದ ಅದು ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಲೆಕ್ಕ. ನನ್ನ ಸ್ಟೀಲ್ ಚಕ್ರ 5.5 ಇಂಚು ಅಗಲ, ಇಟಿ 45. ಹೊಸದು 6 ಇಂಚು ಅಗಲ, ಇಟಿ 45. ಅಗಲ ಅರ್ಧ ಇಂಚು ಹೆಚ್ಚಿದ್ದರಿಂದ ಒಳಗೂ ಹೊರಗೂ ತಲಾ 6 ಮಿ.ಮೀ. ಬೆಳೆಯಿತು. ಸ್ಟ್ರಟ್‌ಗೂ ತಾಗುವುದಿಲ್ಲ, ಫೆಂಡರ್‌ಗೂ ತಾಗುವುದಿಲ್ಲ. ಅದೇ ರಿಮ್ ಇಟಿ 35 ಆಗಿದ್ದರೆ ಹೊರಗೆ 16 ಮಿ.ಮೀ. ಚಾಚುತ್ತಿತ್ತು. ನೋಡಲು ಗತ್ತು. ಆದರೆ ವೀಲ್ ಬೇರಿಂಗ್ ಮೇಲೆ ಹೊರೆ ಹೆಚ್ಚುತ್ತದೆ. ಚಕ್ರ ನೆಲಕ್ಕೆ ತಾಗುವ ಜಾಗವೂ, ಸ್ಟೀರಿಂಗ್ ತಿರುಗುವ ಅಕ್ಷ ನೆಲ ಮುಟ್ಟುವ ಜಾಗವೂ ದೂರ ಸರಿಯುತ್ತವೆ. ಅದರಿಂದ ಪ್ರತಿ ಗುಂಡಿಯ ಸುದ್ದಿ ಸ್ಟೀರಿಂಗ್‌ನಲ್ಲಿ ಬಂದು ಒದೆಯುತ್ತದೆ. ಮಳೆಯಲ್ಲಿ ಕಾರಿನ ಬದಿಗೆಲ್ಲ ಕೆಸರು.

ರಿಮ್ ಒಳಭಾಗದಲ್ಲಿ ಜೆಡಬ್ಲ್ಯೂಎಲ್ ಅನ್ನುವ ಅಚ್ಚು ಇದೆಯಾ ಅಂತಲೂ ನೋಡಿದೆ. ಹಗುರ ಲೋಹದ ಚಕ್ರಗಳಿಗೆ ಜಪಾನಿನ ಮಾನದಂಡ ಅದು. ಜೊತೆಗೆ ವಿಐಎ ಅಂತ ಇದ್ದರೆ ಹೊರಗಿನ ಸಂಸ್ಥೆ ಪರೀಕ್ಷೆ ಮಾಡಿ ನೋಂದಾಯಿಸಿದೆ ಅಂತ. ಕೊನೆಗೆ ಕೊಂಡದ್ದು 6 ಕಿಲೋ ಒಳಗಿನ, ಸರಳ ಕಡ್ಡಿಗಳ 15 ಇಂಚಿನ ರಿಮ್. ಟೈರ್ ಸಮೇತ ಹಳೆಯದಕ್ಕಿಂತ ಒಂದಿಷ್ಟು ಹಗುರವೇ ಆಯಿತು.

ಇಲ್ಲಿ ಒಂದು ಮಾತು. ದುಡ್ಡು ಬಿಗಿ ಇದ್ದವರಿಗೆ ನಾನು ಅಲಾಯ್ ಕೊಳ್ಳಿ ಅಂತ ಹೇಳುವುದೇ ಇಲ್ಲ. ಅದೇ 14 ಇಂಚಿನ ಸ್ಟೀಲ್ ಚಕ್ರದಲ್ಲಿ 185/60 ಆರ್14 ಕೂರುತ್ತದೆ, ವ್ಯಾಸ 578, ಶೇಕಡ ಒಂದರಷ್ಟೂ ಕಮ್ಮಿಯಿಲ್ಲ. ಅದರಲ್ಲಿ ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಒಳ್ಳೆ ಟೈರ್ ಹಾಕಿಸಿದರೆ ಬ್ರೇಕಿಂಗ್, ತಿರುವು ಎರಡರಲ್ಲೂ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಹೊಸ ಸಣ್ಣ ಕಾರಿಗೆ ಕಂಪನಿ ಹಾಕುವ ಟೈರನ್ನು ಹೆಚ್ಚಾಗಿ ಮೈಲೇಜ್ ನೋಡಿ ಆರಿಸಿರುತ್ತಾರೆ. ದೊಡ್ಡ ಚಕ್ರ ಇಲ್ಲದೆ ಕಾರು ಚೆನ್ನಾಗಿ ತಿರುಗುವುದಿಲ್ಲ ಅನ್ನುವವರಿಗೆ 1959ರ ಮಿನಿ ಕಾರನ್ನು ನೆನಪಿಸುತ್ತೇನೆ. ಅಲೆಕ್ ಇಸಿಗೊನಿಸ್ ರೂಪಿಸಿದ ಆ ಕಾರಿನ ಚಕ್ರ ಬರೀ 10 ಇಂಚು. ತಿರುವಿನಲ್ಲಿ ಅದರ ಚುರುಕುತನ ಇವತ್ತಿಗೂ ಮನೆಮಾತು.

ಹೊಸ ಚಕ್ರ ಹಾಕಿದ ದಿನ ಟಾರ್ಕ್ ರೆಂಚ್‌ನಲ್ಲೇ ನಟ್ ಬಿಗಿಸಿದೆ. ಮ್ಯಾನುಯಲ್‌ನಲ್ಲಿ ಎಷ್ಟು ಕೊಟ್ಟಿದ್ದಾರೋ ಅಷ್ಟು. ಏರ್ ಗನ್‌ನಲ್ಲಿ ಟರ್ರ್ ಅನ್ನಿಸಿ ಬಿಟ್ಟರೆ ಸ್ಟಡ್ ಎಳೆದುಕೊಳ್ಳಬಹುದು. ಒಂದು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಹೊಸ ಅಲಾಯ್‌ನ ಬಣ್ಣ, ಮೇಲ್ಮೈ ಕುಳಿತುಕೊಂಡು ನಟ್ ಸ್ವಲ್ಪ ಸಡಿಲವಾಗುವುದುಂಟು. ಸ್ಟೆಪ್ನಿಗೆ ಹಳೆಯ 14 ಇಂಚಿನ ಚಕ್ರವನ್ನೇ ಇಟ್ಟೆ. ವ್ಯಾಸ ಒಂದೇ ಆದ್ದರಿಂದ ಊರು ಮುಟ್ಟುವವರೆಗೆ ತೊಂದರೆಯಿಲ್ಲ. ಆದರೆ ಅದಕ್ಕೆ ಹಳೆಯ ನಟ್‌ಗಳೇ ಬೇಕು, ಅವನ್ನು ಒಂದು ಚೀಲದಲ್ಲಿ ಹಾಕಿ ಸ್ಟೆಪ್ನಿ ಜೊತೆಗೇ ಇಟ್ಟಿದ್ದೇನೆ. ಗಾಳಿ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಇರುವಷ್ಟೇ. ವಿಮೆಯವರಿಗೂ ತಿಳಿಸಿ, ನಿಮ್ಮ ಕಡೆಯ ಸಾರಿಗೆ ನಿಯಮವನ್ನೂ ನೋಡಿಕೊಳ್ಳಿ. ಚಕ್ರ, ಎತ್ತರ ಬದಲಿಸುವ ವಿಷಯದಲ್ಲಿ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು.

ಈಗ ಕಾರು ಹೇಗಿದೆ? ಹೆದ್ದಾರಿಯಲ್ಲಿ ತೇಲುವುದು ನಿಂತಿದೆ. ಒಂದು ಉಬ್ಬು ದಾಟಿದರೆ ಒಂದೇ ಸಲ ಎದ್ದು ಕೂರುತ್ತದೆ. ಲೇನ್ ಬದಲಿಸುವಾಗ ಹಿಂಭಾಗ ಮುಂಭಾಗದ ಜೊತೆಗೇ ಬರುತ್ತದೆ, ಮೊದಲಿನ ಹಾಗೆ ಒಂದು ಗಳಿಗೆ ತಡವಾಗಿ ಅಲ್ಲ. ಐವರು ಕೂತು ಸಾಮಾನು ತುಂಬಿದರೆ ದೊಡ್ಡ ಹಂಪ್‌ನಲ್ಲಿ ಈಗಲೂ ತಳದವರೆಗೆ ಹೋಗುತ್ತದೆ, ಆದರೆ ಹೊಸ ಬಂಪ್ ಸ್ಟಾಪ್ ಮೆತ್ತಗೆ ಹಿಡಿಯುತ್ತದೆ. ಕಳೆದುಕೊಂಡದ್ದೂ ಇದೆ. ನಿಧಾನವಾಗಿ ಹೋಗುವಾಗ ರಸ್ತೆಯ ಸಣ್ಣ ಬಿರುಕು, ತೇಪೆಗಳು ಮೊದಲಿಗಿಂತ ಚೂಪಾಗಿ ತಿಳಿಯುತ್ತವೆ. ಸ್ಟೀರಿಂಗ್ ಒಂಚೂರು ಭಾರ. ಅಗಲದ, ಹಿಡಿತ ಜಾಸ್ತಿಯಿರುವ ಟೈರ್ ಆದ್ದರಿಂದ ಮೈಲೇಜ್ ಸ್ವಲ್ಪ ಇಳಿದಿದೆ. ಕಾರು ವಾಲುವುದು ಹೆಚ್ಚೇನೂ ಕಮ್ಮಿಯಾಗಿಲ್ಲ. ವಾಲುವ ವೇಗ ಕಮ್ಮಿಯಾಗಿದೆ, ಅಷ್ಟೇ. ಶಾಕ್ಸ್ ಮಾಡುವುದು ಅಷ್ಟನ್ನೇ. ಹಿಂದೆ ಕೂರುವವರು ಇಲ್ಲಿಯವರೆಗೆ ದೂರಿಲ್ಲ.

ವಾಲುವುದನ್ನು ನಿಜವಾಗಿ ಕಮ್ಮಿ ಮಾಡಬೇಕಾದರೆ ಮುಂದಿನ ಹೆಜ್ಜೆ ಹಿಂದಿನ ಆಂಟಿ ರೋಲ್ ಬಾರ್. ಬೀಮ್‌ಗೆ ಬೋಲ್ಟ್ ಮಾಡುವ ಸಲಕರಣೆ ಕೆಲವು ಸಣ್ಣ ಕಾರುಗಳಿಗೆ ಸಿಗುತ್ತದೆ. ಹಾಕಿದರೆ ಮೂತಿ ಚುರುಕಾಗಿ ತಿರುಗುತ್ತದೆ ಅನ್ನುವುದು ಸರಿ. ಆದರೆ ತಿರುಚಿಕೊಳ್ಳುವ ಬೀಮ್ ತಾನೇ ಒಂದು ಆಂಟಿ ರೋಲ್ ಬಾರ್. ಅದನ್ನು ಇನ್ನೂ ಗಟ್ಟಿ ಮಾಡಿದರೆ, ಒದ್ದೆ ತಿರುವಿನಲ್ಲಿ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟಾಗ ಹಿಂದಿನ ಚಕ್ರಗಳು ಜಾರಲು ಸುಲಭವಾಗುತ್ತದೆ. ನನ್ನ ಕಾರಿಗೆ ಜಾರುವುದನ್ನು ತಾನಾಗಿ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ, ಮನೆಯಲ್ಲಿ ಬೇರೆಯವರೂ ಅದನ್ನು ಓಡಿಸುತ್ತಾರೆ. ಹಾಗಾಗಿ ಆ ಬಾರ್ ಬೇಡ ಅಂತ ಬಿಟ್ಟಿದ್ದೇನೆ.